ಹನ್ನೆರಡರಿಂದ ಮೂರರವರೆಗೆ

ಆ ದನಿ ನನ್ನದೇ.
ನಗರಸಭೆಯ ಆರೋಗ್ಯ ಶಾಖೆ, ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ,
ಗಾಳಿಯ ಸದ್ದು ಮೈಕಿಗೆ ಬೀಳಬಾರದಂತೆ,
ಒಂದೇ ಉಸಿರಿಗೆ ಓದಿದ್ದೆ. ಮೂಗಿನ ತುದಿಯಿಂದ ಒಂದು ಹನಿ
ಕಾಗದಕ್ಕೆ ಬಿದ್ದು "ನೀರು" ಎಂಬಲ್ಲಿ ಶಾಯಿ ಕದಡಿತು.
ನಾಗರಿಕರಲ್ಲಿ ವಿನಂತಿ. ಹನ್ನೆರಡರಿಂದ ಮೂರರವರೆಗೆ
ಹೊರಗೆ ಬರಬೇಡಿ. ಬಾಯಾರದಿದ್ದರೂ ನೀರು ಕುಡಿಯಿರಿ.
ತಿಳಿ ಬಣ್ಣದ ಹತ್ತಿ ಬಟ್ಟೆ ತೊಡಿ.

ಈಗ ರೋಹಿದಾಸನ ಆಟೋದ ನೆತ್ತಿಯಲ್ಲಿ ಕೂತು
ಕಾಜೂಬಾಗ, ಕೋಡಿಬಾಗ, ಸುಂಕೇರಿ ಸುತ್ತುತ್ತದೆ ನನ್ನ ದನಿ
ದಿನಾ ಹನ್ನೆರಡರಿಂದ ಮೂರರವರೆಗೆ.
ಡೀಸೆಲ್ಲು ಮಂಜೂರಾಗಿರುವುದು ಆ ಹೊತ್ತಿಗೇ.

ಥರ್ಮಾಮೀಟರು ಮೂವತ್ತೈದು ಅನ್ನುತ್ತದೆ, ಅಷ್ಟೆ.
ಕಲಬುರಗಿಯಿಂದ ವರ್ಗವಾಗಿ ಬಂದ ಸಾಹೇಬರು ನಕ್ಕರು:
"ಇದೂ ಒಂದ್ ಬಿಸಲೇನ್ರೀ!"
ಮೊದಲ ವಾರ ನಕ್ಕರು. ಎರಡನೇ ವಾರ
ಕರವಸ್ತ್ರ ಹಿಂಡಿ ಕಿಟಕಿಯ ಸರಳಿಗೆ ಹಾಕಿ
ಸಂಜೆ ಐದಕ್ಕೆ ಮುಟ್ಟಿ ನೋಡಿದರು. ಹಸಿ.
"ನಮ್ಮ ಕಡಿ ಬಿಸಲು ಹೊಡೀತದ,
ಇಲ್ಲಿ ತೆಕ್ಕಿ ಬೀಳ್ತದ," ಅಂದರು.

ಬೆವರು ಹೊರಡುತ್ತದೆ, ಹೋಗಲು ಜಾಗವಿಲ್ಲ.
ಗಾಳಿಯ ಕೊಡ ಮೊದಲೇ ತುಂಬಿದೆ.
ಡಬ್ಬಿಯಲ್ಲಿ ಉಪ್ಪು ಅಳುತ್ತದೆ.
ಮೂರನೇ ಕಡ್ಡಿಗೆ ಒಲೆ ಹತ್ತಿದರೆ ಪುಣ್ಯ.
ಕಾಳಿ, ಸೇತುವೆಯ ಕೆಳಗೆ, ಹರಿಯುತ್ತಿದೆಯೋ
ನಿಂತು ದಣಿವಾರಿಸಿಕೊಳ್ಳುತ್ತಿದೆಯೋ ತಿಳಿಯದು.

ಬೈತಖೋಲದಲ್ಲಿ ಮಾತ್ರ ಒಣಗಲೇಬೇಕಾದದ್ದಿದೆ:
ತಾರ್ಲೆ, ಬಂಗಡೆ, ಶೆಟ್ಲಿ.
ಜೂನ್ ಒಂದಕ್ಕೆ ಬೋಟುಗಳು ನಿಲ್ಲುವ ಮೊದಲು
ಮಳೆಗಾಲದ ಗಂಜಿಗೆ ನಂಜಿಕೊಳ್ಳುವುದೆಲ್ಲ
ಹಳೆಬಲೆಯ ಮೇಲೆ ಬೆನ್ನು ಹೊಟ್ಟೆ ಮಗುಚಬೇಕು.
ಶೇವಂತಿ ತಾಂಡೇಲ, ನನ್ನ ದನಿಗೆ ತಲೆಯೆತ್ತದೆ, ಅಂದಳಂತೆ:
"ಆ ಬಾಯಿಗೆ ಹೇಳು, ಹನ್ನೆರಡಕ್ಕೆ ನಾನು ಒಳಗೆ ಹೋದರೆ
ಕಾಗೆ ಹೊರಗೆ ಬರುತ್ತದೆ."

ಗುರುವಾರ ಅವಳು ಬುಟ್ಟಿ ಎಣಿಸುತ್ತಿದ್ದಳು.
ಹದಿನೇಳು. ಹದಿನೆಂಟು. ಹದಿನೇಳು.
ಹದಿನೇಳು, ಅಂದಳು ಮತ್ತೆ, ಸಿಟ್ಟಿನಿಂದ.
ತೀರಿಹೋದ ಅತ್ತೆಯನ್ನು ಕರೆದು ಕೊಡೆ ತಾ ಅಂದಳು.
ದಲ್ಲಾಳಿಗೂ ಒಂದು ಪೈಸೆ ಲೆಕ್ಕ ಬಿಡದವಳು.
ಪಕ್ಕದ ಸುಗಂಧಾ ಮೊದಲು ನಕ್ಕಳು,
ಆಮೇಲೆ ಹಣೆ ಮುಟ್ಟಿದಳು.
ಕಾದ ಹೆಂಚು.

ಆಂಬುಲೆನ್ಸಿಗೆ ಫೋನು ಹೋಯಿತು. ಅದು ಬರುವಷ್ಟರಲ್ಲಿ
ಐಸ್ ಫ್ಯಾಕ್ಟರಿಯ ಬನಮಾಲಿ, ಒಡಿಶಾದ ಹುಡುಗ,
ಚೀಟಿಯಿಲ್ಲದೆ ಒಂದು ಲಾದಿ ಹೊರಗೆಳೆದು
ಸುತ್ತಿಗೆಯಿಂದ ಪುಡಿ ಮಾಡಿದ.
ಹೆಂಗಸರು ಅವಳನ್ನು ಬೋಟಿನ ನೆರಳಿಗೆ ಎಳೆದು
ಟಾರ್ಪಾಲನ್ನು ತೊಟ್ಟಿಲಿನ ಹಾಗೆ ಹಿಡಿದು
ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ
ವಿಸ್ವಾಣಕ್ಕೆ ಹಾಕುವ ಐಸು ಹಾಕಿದರು.
ನೀರು ಸುರಿದರು, ರಟ್ಟು ಹರಿದು ಬೀಸಿದರು.
"ಬಾಯಿಗೆ ಹನಿಯೂ ಬಿಡಬೇಡಿ, ಮೊದಲು ಎಚ್ಚರ ಬರಲಿ,"
ಅಂದಳು ಸುಗಂಧಾ, ಎಲ್ಲಿ ಕೇಳಿದ್ದಳೋ.
ನನ್ನ ಕಾಗದದಲ್ಲಿ ಅದು ಇರಲಿಲ್ಲ.

ಕಣ್ಣು ಬಿಟ್ಟವಳು ಮೈಮೇಲಿನ ಐಸು ನೋಡಿ
"ಕಿಲೋಗೆ ಎಷ್ಟಕ್ಕೆ ಕೊಟ್ಟಿರಿ ನನ್ನ?" ಅಂದಳಂತೆ.
ಆಮೇಲೆ ಆಸ್ಪತ್ರೆ, ಎರಡು ರಾತ್ರಿ.
ಅಷ್ಟರಲ್ಲಿ ಅರ್ಧ ತಾರ್ಲೆ ಕಾಗೆಗೆ ಹೋಗಿತ್ತು.

ಇದೆಲ್ಲ ರೋಹಿದಾಸ ಹೇಳಿದ್ದು.
ಅವನೂ ಟಾರ್ಪಾಲಿನ ಒಂದು ಮೂಲೆ ಹಿಡಿದಿದ್ದ.
ಆಟೋ ಧಕ್ಕೆಯ ತುದಿಯಲ್ಲಿ ನಿಂತು
ನನ್ನನ್ನು ಕೂಗಿಸುತ್ತಲೇ ಇತ್ತಂತೆ:
ತಿಳಿ ಬಣ್ಣದ ಹತ್ತಿ ಬಟ್ಟೆ ತೊಡಿ, ತಿಳಿ ಬಣ್ಣದ.
ನಿಲ್ಲಿಸಲು ಯಾರಿಗೂ ಕೈ ಬಿಡುವಿರಲಿಲ್ಲ.

ಇವತ್ತು ಮತ್ತೆ ಓದುತ್ತಿದ್ದೇನೆ.
ಫ್ಯಾನು ತಿರುಗಲಿ ಅಂದೆ. ಸಾಹೇಬರು ಹೂಂ ಅಂದರು.
ಅದರ ಗರಗರದ ನಡುವೆ, ಫೈಲಿನಲ್ಲಿಲ್ಲದ ಎರಡು ಮಾತು:
ಅಕ್ಕಂದಿರೇ, ಒಬ್ಬೊಬ್ಬರೇ ಎಣಿಸಬೇಡಿ.
ಪಕ್ಕದವಳ ಲೆಕ್ಕಕ್ಕೂ ಕಿವಿ ಕೊಡಿ.

ರೋಹಿದಾಸ, ಮುರುಗಲ ಪಾನಕದ ಬಾಟಲಿ ಮೇಜಿನ ಮೇಲಿದೆ.
ತಗೊಂಡು ನಾಲ್ಕಕ್ಕೆ ಹೊರಡು.
ಡೀಸೆಲ್ಲಿನದು ಆಮೇಲೆ ನೋಡೋಣ.